ಕಡೂರು ಸೀಮೆಯ ರೈಲ್ವೆ ಗೇಟುಗಳೂ ಅವುಗಳ ಸಾಕ್ಷಿಯೂ

ಚಿಕ್ಕಮಗಳೂರು ಜಿಲ್ಲೆಯ ಬಯಲು ಭಾಗಕ್ಕೆ ಸೇರಿದ ಕಡೂರು, ಅಜ್ಜಂಪುರ, ತರೀಕೆರೆಗಳಿಗೆ ರೈಲು ಒಂದೇ ಸಲಕ್ಕೆ ಬಂದದ್ದಲ್ಲ. ಸದರ್ನ್ ಮರಾಠ ರೈಲ್ವೆ ಕಂಪನಿಯು ಮೈಸೂರು ಸಂಸ್ಥಾನದೊಂದಿಗೆ ಮಾಡಿಕೊಂಡ ಒಪ್ಪಂದದಂತೆ ಗುಬ್ಬಿಯಿಂದ ಮುಂದಕ್ಕೆ ಒಯ್ದ ಮೀಟರ್ ಗೇಜ್ ಮಾರ್ಗ, ಅಂದರೆ ಎರಡು ಕಂಬಿಗಳ ನಡುವೆ ಒಂದು ಮೀಟರ್ ಅಂತರವಿರುವ ಮಾರ್ಗ, 1889ರಲ್ಲಿ ಹರಿಹರವನ್ನು ಮುಟ್ಟಿದಾಗ ಕಡೂರು, ಬೀರೂರು, ಅಜ್ಜಂಪುರಗಳು ಅದರ ದಾರಿಯಲ್ಲಿ ಬಂದವು. ತರೀಕೆರೆಯಾದರೋ ಬೀರೂರಿನಲ್ಲಿ ಕವಲೊಡೆದು ಶಿವಮೊಗ್ಗಕ್ಕೆ ಹೋಗುವ ಹಳಿ 1899ರಲ್ಲಿ ತೆರೆಯುವವರೆಗೆ ಕಾಯಬೇಕಾಯಿತು. ಮುಂದೆ ತರೀಕೆರೆಯಿಂದ ನರಸಿಂಹರಾಜಪುರದ ಕಡೆಗೆ ಎರಡಡಿ ಅಗಲದ ಪುಟ್ಟ ಟ್ರಾಮ್ ಮಾರ್ಗವೂ ಓಡಿ, ಕಾಲಕ್ರಮದಲ್ಲಿ ಮರೆಯಾಯಿತು. ನೆಲ ಹೆಚ್ಚು ಏರಿಳಿತವಿಲ್ಲದ ಈ ಸೀಮೆಯಲ್ಲಿ ಹಳಿಯೂ ಗಾಡಿದಾರಿಯೂ ಒಂದೇ ಮಟ್ಟದಲ್ಲಿ ಹಾಯುವುದು ಸುಲಭವೂ ಅಗ್ಗವೂ ಆಗಿತ್ತು; ಸೇತುವೆಯ ಖರ್ಚನ್ನು ಉಳಿಸಿದ ಆ ಕೂಡುಸ್ಥಳಗಳೇ ಜನರು ರೈಲ್ವೆ ಗೇಟು ಎಂದು ಕರೆಯುವ ಲೆವೆಲ್ ಕ್ರಾಸಿಂಗ್‌ಗಳಾದವು.

ಈ ಗೇಟುಗಳ ಇತಿಹಾಸವನ್ನು ಸಲಕರಣೆಗಳ ಪಟ್ಟಿಯಾಗಿ ಬರೆಯುವುದಕ್ಕಿಂತ, ಬರುತ್ತಿರುವ ರೈಲಿನ ಚಾಲಕನಿಗೆ ಗೇಟು ಮುಚ್ಚಿದೆಯೆಂದು ಯಾರು ಸಾಕ್ಷಿ ಹೇಳುತ್ತಾರೆ ಎಂಬ ಪ್ರಶ್ನೆಗೆ ಕಾಲಕಾಲಕ್ಕೆ ದೊರೆತ ಉತ್ತರಗಳಾಗಿ ನೋಡುವುದು ಹೆಚ್ಚು ಸಮಂಜಸ. ಅಮೆರಿಕದಲ್ಲಿ 1872ರಲ್ಲಿ ವಿಲಿಯಂ ರಾಬಿನ್ಸನ್ ರೂಪಿಸಿದ ಟ್ರ್ಯಾಕ್ ಸರ್ಕ್ಯೂಟ್, ಅಂದರೆ ಹಳಿಯಲ್ಲೇ ವಿದ್ಯುತ್ತನ್ನು ಹರಿಸಿ ಅದರ ಮೇಲೆ ರೈಲಿದೆಯೇ ಎಂದು ತಿಳಿಯುವ ಏರ್ಪಾಡು, ಮುಂದೆ ದಾರಿಹೋಕರಿಗಾಗಿ ಗಂಟೆ ಬಾರಿಸುವ, ಕೆಂಪು ದೀಪ ಮಿನುಗಿಸುವ ಸ್ವಯಂಚಾಲಿತ ಸಿಗ್ನಲ್‌ಗಳಿಗೆ ಆಧಾರವಾಯಿತು. ಅಲ್ಲಿ ಎಚ್ಚರಿಕೆ ರಸ್ತೆಗೆ, ರೈಲಿಗಲ್ಲ. ಭಾರತದಲ್ಲಿ ಗೇಟಿಗೆ ಮನುಷ್ಯನನ್ನು ಕೂರಿಸಿದ್ದರಿಂದ ರಸ್ತೆಗೆ ಅಡ್ಡಲಾದ ಮರ ಅಥವಾ ಕಬ್ಬಿಣವೇ ಸಾಕಷ್ಟು ಎಚ್ಚರಿಕೆಯೆನಿಸಿ, ಸಿಗ್ನಲ್ ರೈಲಿನ ಕಡೆಗೆ ಮುಖಮಾಡಿ ನಿಂತಿತು.

1890ರ ಭಾರತೀಯ ರೈಲ್ವೆ ಕಾಯ್ದೆಯ 13ನೆಯ ಕಲಮು ಬೇಲಿ, ಗೇಟು, ಅಡ್ಡಪಟ್ಟಿಗಳನ್ನು ಹಾಕಿಸುವ ಅಧಿಕಾರವನ್ನು ಸರ್ಕಾರಕ್ಕೆ ಕೊಟ್ಟಿತ್ತು. ಮೊದಲ ಕಾಲದ ಗೇಟೆಂದರೆ ಹೊಲದ ಬಾಗಿಲಿನಂತೆ ಕೀಲಿನ ಮೇಲೆ ತಿರುಗುವ ಎರಡು ಕದ, ಪಕ್ಕದಲ್ಲಿ ಗೇಟ್‌ಮನ್‌ನ ಸಣ್ಣ ಮನೆ, ಕೈಯಲ್ಲಿ ಹಗಲಿಗೆ ಕೆಂಪು ಹಸಿರು ಬಾವುಟ, ಇರುಳಿಗೆ ಸೀಮೆಎಣ್ಣೆಯ ಕೈದೀಪ. ವೇಳಾಪಟ್ಟಿ ತಪ್ಪಿದ ರೈಲಿನ ಸುಳಿವನ್ನು ಹೊಗೆಯಿಂದಲೋ ಸದ್ದಿನಿಂದಲೋ ಹಿಡಿಯಬೇಕಾಗಿದ್ದ ಕಾಲದಲ್ಲಿ, ತೆಂಗು ಅಡಕೆ ಹೇರಿದ ಗಾಡಿಗಳನ್ನೂ ಅಜ್ಜಂಪುರದ ಸುತ್ತಿನ ಕಾವಲುಗಳಿಂದ ಹೊರಟ ಅಮೃತಮಹಲ್ ದನಗಳ ಹಿಂಡನ್ನೂ ತಡೆದು ನಿಲ್ಲಿಸುವ ಕೆಲಸ ಹಗುರವಾಗಿದ್ದಿರಲಾರದು. ಹಿಂಡನ್ನು ನಡುವೆ ತುಂಡರಿಸಲು ಬಾರದು, ರೈಲನ್ನು ತಟ್ಟನೆ ನಿಲ್ಲಿಸಲೂ ಆಗದು.

ಹಳಿಯ ಮೇಲೆ ಗಾಡಿ ಸಿಕ್ಕಿಬಿದ್ದರೆ ಗೇಟ್‌ಮನ್ ಮಾಡಬೇಕಾದುದನ್ನು ನಿಯಮಾವಳಿ ಅಂಗುಲ ಬಿಡದೆ ಹೇಳುತ್ತದೆ. ಕೆಂಪು ಬಾವುಟ ಅಥವಾ ದೀಪವನ್ನು ಹಳಿಯ ಬಳಿ ನಾಟಿ, ರೈಲು ಬರುವ ದಿಕ್ಕಿಗೆ ಓಡಿ, ಚಕ್ರ ಹಾಯ್ದೊಡನೆ ಸಿಡಿಯುವ ಡಿಟೊನೇಟರ್‌ಗಳನ್ನು, ಅಂದರೆ ಕಂಬಿಗೆ ಬಿಗಿಯುವ ಚಪ್ಪಟೆ ಸಿಡಿಮದ್ದಿನ ಡಬ್ಬಿಗಳನ್ನು, ಮೀಟರ್ ಗೇಜ್‌ನಲ್ಲಿ 400 ಮೀಟರಿಗೆ ಒಂದು, 800 ಮೀಟರಿಗೆ ಮೂರು ಎಂಬ ಲೆಕ್ಕದಲ್ಲಿ ಇಡಬೇಕು. ಹೆಚ್ಚು ಅಗಲದ ಹಳಿಯಾದ ಬ್ರಾಡ್ ಗೇಜ್ ಬಂದಾಗ ಈ ದೂರಗಳು 600 ಮತ್ತು 1200 ಮೀಟರುಗಳಾದವು. ವೇಗ ಹೆಚ್ಚಿದಷ್ಟೂ ಗೇಟ್‌ಮನ್‌ನ ಓಟವೂ ಹೆಚ್ಚಿತು ಎಂಬುದನ್ನು ತಂತ್ರಜ್ಞಾನದ ಚರಿತ್ರೆಗಳು ಸಾಮಾನ್ಯವಾಗಿ ಗಮನಿಸುವುದಿಲ್ಲ.

ಗೇಟ್‌ಮನ್‌ನ ಬಾವುಟ ದೀಪಗಳು ಮೊದಲ ಉತ್ತರವಾದರೆ, ಎರಡನೆಯ ಉತ್ತರ ದೂರವಾಣಿಯದು. ಕೈಹಿಡಿ ತಿರುಗಿಸಿದರೆ ಗಂಟೆಯಾಗುವ ಮ್ಯಾಗ್ನೆಟೊ ಫೋನಿನ ಮೂಲಕ ಸ್ಟೇಷನ್ ಮಾಸ್ಟರ್ ರೈಲು ಹೊರಡುವ ಸುದ್ದಿಯನ್ನು ಗೇಟಿಗೆ ತಿಳಿಸುತ್ತಿದ್ದರು. ಕೇವಲ ಬಾಯಿಮಾತನ್ನು ರೈಲ್ವೆ ನಂಬಲಿಲ್ಲ. ಗೇಟು ಮುಚ್ಚಿ ಬೀಗ ಹಾಕಿದ ಮೇಲೆ ಗೇಟ್‌ಮನ್ ತನ್ನ ಬಳಿಯ ಹಾಳೆಯಲ್ಲಿ ಮುಂದಿನ ಸರದಿಯಲ್ಲಿರುವ ಅಂಕಿಯನ್ನು, ಪ್ರೈವೇಟ್ ನಂಬರ್ ಎಂಬುದನ್ನು, ಹೇಳಬೇಕು, ಅತ್ತ ಮಾಸ್ಟರ್ ಅದನ್ನು ರಿಜಿಸ್ಟರಿನಲ್ಲಿ ಬರೆದುಕೊಳ್ಳಬೇಕು. ಆ ಅಂಕಿಗಳಿಗೆ ಬೇರಾವ ಅರ್ಥವೂ ಇರಲಿಲ್ಲ. ಮಾತು ನಿಜವಾಗಿ ನಡೆಯಿತು ಎಂಬುದಕ್ಕೆ ಅವು ಕಾಗದದ ಮೇಲೆ ಉಳಿಯುವ ಪುರಾವೆಯಾಗಿದ್ದವು.

ನಿಜವಾದ ಪಲ್ಲಟವೆಂದರೆ ಇಂಟರ್‌ಲಾಕಿಂಗ್, ಒಂದು ಕೆಲಸ ಮುಗಿಯದೆ ಇನ್ನೊಂದಾಗದಂತೆ ಎರಡನ್ನೂ ಬೀಗಗಳಿಂದ ಹೆಣೆಯುವ ವಿಧಾನ. ಇಂಗ್ಲೆಂಡಿನ ಜಾನ್ ಸ್ಯಾಕ್ಸ್‌ಬಿ 1856ರಲ್ಲಿ ಪೇಟೆಂಟ್ ಪಡೆದ ಈ ತತ್ತ್ವವು ಗೇಟಿಗೆ ಅನ್ವಯಿಸಿದಾಗ ಹೀಗೆ ಕೆಲಸ ಮಾಡುತ್ತದೆ: ತಿರುಗುವ ಕದದ ಬದಲಿಗೆ ಬಂದ, ರಾಟೆಯನ್ನು ತಿರುಗಿಸಿ ತಂತಿಹಗ್ಗದಿಂದ ಏರಿಸಿ ಇಳಿಸುವ ಕಂಬ, ಅಂದರೆ ಬೂಮ್, ಪೂರ್ತಿ ಕೆಳಗಿಳಿದು ಕೂತಾಗ ಮಾತ್ರ ಅದರ ಬೀಗದಿಂದ ಕೀಲಿ ಹೊರಬರುತ್ತದೆ, ಆ ಕೀಲಿಯನ್ನು ಸಿಗ್ನಲ್ ಲಿವರಿನ ಬೀಗಕ್ಕೆ ಹಾಕಿದರೆ ಮಾತ್ರ ಸಿಗ್ನಲ್ ಇಳಿದು ರೈಲಿಗೆ ದಾರಿ ಬಿಡುತ್ತದೆ, ಸಿಗ್ನಲ್ ಇಳಿದಿರುವವರೆಗೆ ಕೀಲಿ ಅಲ್ಲೇ ಸೆರೆಯಾಗಿರುವುದರಿಂದ ಗೇಟು ತೆರೆಯಲಾಗದು. ಎತ್ತಿನಗಾಡಿಯವನ ಒತ್ತಾಯಕ್ಕಾಗಲಿ ಊರಿನ ದೊಡ್ಡವರ ದರ್ಪಕ್ಕಾಗಲಿ ಗೇಟ್‌ಮನ್ ಮಣಿಯುವ ಅವಕಾಶವೇ ಇದರಿಂದ ತಪ್ಪಿತು. ಕೈಮರದಂತೆ ತೋಳು ಚಾಚಿದ ಹಳೆಯ ಸಿಗ್ನಲ್‌ಗಳ ಸೀಮೆಎಣ್ಣೆ ದೀಪಗಳನ್ನು ಸಂಜೆ ಏಣಿ ಹತ್ತಿ ಹಚ್ಚಬೇಕಾಗಿತ್ತು. ಬಣ್ಣದ ವಿದ್ಯುದ್ದೀಪಗಳು ಬಂದು ಆ ಕೆಲಸವನ್ನೂ ಅದನ್ನು ಮಾಡುವ ನೌಕರನನ್ನೂ ಒಟ್ಟಿಗೆ ಇಲ್ಲವಾಗಿಸಿದವು.

ಆದರೂ ಯಂತ್ರದ ಸಾಕ್ಷಿ ಅಂತಿಮವಾಗಲಿಲ್ಲ. ಗೇಟಿಗೆ ಸೇರಿದ ಸಿಗ್ನಲ್ ಕಂಬದ ಮೇಲೆ ಹಳದಿ ಬಿಲ್ಲೆಯಲ್ಲಿ ಕಪ್ಪು ‘ಜಿ’ ಅಕ್ಷರವಿರುತ್ತದೆ. ಅದು ಕೆಂಪಾಗಿಯೇ ಉಳಿದರೆ ಚಾಲಕ ಶಿಳ್ಳೆ ಹಾಕಿ ಹಗಲಿನಲ್ಲಿ ಒಂದು ನಿಮಿಷ, ರಾತ್ರಿ ಎರಡು ನಿಮಿಷ ಕಾದು, ನಂತರ ನಿಧಾನವಾಗಿ ಗೇಟಿನವರೆಗೆ ಸಾಗಿ, ಗೇಟ್‌ಮನ್ ಕೈಯ ಸಂಕೇತ ಕೊಟ್ಟರೆ ದಾಟಬಹುದು. ಬೀಗ ಕೆಟ್ಟಿರುವುದು ಬೇರೆ, ದಾರಿ ಅಡ್ಡವಾಗಿರುವುದು ಬೇರೆ. ಇವೆರಡನ್ನು ಬೇರ್ಪಡಿಸಿ ಹೇಳಲು ನಿಯಮ ಮತ್ತೆ ಬಾವುಟವನ್ನೇ ನೆಚ್ಚಿತು.

1938ರ ವೇಳೆಗೆ ಈ ಮಾರ್ಗಗಳ ಆಡಳಿತ ಮೈಸೂರು ಸಂಸ್ಥಾನದ ರೈಲ್ವೆಗೆ, 1951ರಲ್ಲಿ ದಕ್ಷಿಣ ರೈಲ್ವೆಗೆ, 2003ರಲ್ಲಿ ನೈಋತ್ಯ ರೈಲ್ವೆಗೆ ಬಂದಿತು. ಗೇಟುಗಳ ಮಟ್ಟಿಗೆ ಇವುಗಳಿಗಿಂತ ಹಿರಿದಾದ ಘಟನೆ 1990ರ ದಶಕದ ಬ್ರಾಡ್ ಗೇಜ್ ಪರಿವರ್ತನೆ. 1,676 ಮಿಲಿಮೀಟರ್ ಅಗಲದ ಹಳಿಯ ಮೇಲೆ ಭಾರವಾದ, ವೇಗದ ರೈಲುಗಳು ಓಡತೊಡಗಿದಾಗ ಕಾವಲುಗಾರನಿಲ್ಲದ ಕ್ರಾಸಿಂಗ್‌ಗಳ ಅಪಾಯ ಎದ್ದು ಕಂಡಿತು. ಅಲ್ಲಿ ಸಾಕ್ಷಿಯೇ ಇರಲಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ 131ನೆಯ ಕಲಮು ಚಾಲಕನು ವಾಹನ ನಿಲ್ಲಿಸಿ, ಕಂಡಕ್ಟರನನ್ನೋ ಸಹಾಯಕನನ್ನೋ ಇಳಿಸಿ ಹಳಿಯವರೆಗೆ ಕಳಿಸಿ ನೋಡಿಸಬೇಕೆಂದು ಹೇಳಿ, ಹೊಣೆಯನ್ನು ರಸ್ತೆಗೆ ವಹಿಸಿತ್ತು. ದೇಶದ ಬ್ರಾಡ್ ಗೇಜ್ ಮಾರ್ಗಗಳಲ್ಲಿ ಇಂಥ ಕ್ರಾಸಿಂಗ್‌ಗಳು 2019ರ ಜನವರಿಯ ವೇಳೆಗೆ ಇಲ್ಲವಾದವು. ಎಷ್ಟೋ ಕಡೆ ಅವುಗಳ ಜಾಗಕ್ಕೆ ಹಳಿಯಡಿಯ ಕಾಂಕ್ರೀಟ್ ಪೆಟ್ಟಿಗೆದಾರಿಗಳು, ಅಂದರೆ ಅಂಡರ್‌ಪಾಸ್‌ಗಳು ಬಂದವು. ಸಿಗ್ನಲ್ಲೇ ಬೇಡದ ಈ ಪರಿಹಾರ ಮಳೆಗಾಲದಲ್ಲಿ ನೀರು ನಿಲ್ಲುವ ಬೇರೊಂದು ತೊಡಕನ್ನು ತಂದಿತೆಂಬುದು ಬೇರೆ ಮಾತು. 2013ರ ನವೆಂಬರಿನಲ್ಲಿ ತೆರೆದ ಕಡೂರು–ಚಿಕ್ಕಮಗಳೂರು ಮಾರ್ಗ ಹುಟ್ಟಿದ್ದೇ ಗೇಟುಗಳನ್ನು ಕಡಿಮೆ ಮಾಡಬೇಕೆಂಬ ಧೋರಣೆಯ ಕಾಲದಲ್ಲಿ.

ಉಳಿದ ಗೇಟುಗಳಲ್ಲಿ ಇಂದು ಬೂಮ್ ಏರಿಸಲು ಹಲವೆಡೆ ವಿದ್ಯುತ್ ಮೋಟಾರಿದೆ. ಲಾರಿಯೊಂದು ಬೂಮಿಗೆ ಗುದ್ದಿ ಮುರಿದರೆ ಕೀಲಿ ಬಿಡುವುದಿಲ್ಲ, ಸಿಗ್ನಲ್ ಇಳಿಯುವುದಿಲ್ಲ, ಬರುವ ರೈಲೆಲ್ಲ ಗೇಟಿನ ಮುಂದೆ ನಿಲ್ಲಬೇಕಾಗುತ್ತದೆ. ಅದಕ್ಕಾಗಿಯೇ ಅಡ್ಡಕ್ಕೆ ಜಾರಿಸುವ ಇನ್ನೊಂದು ಬೂಮನ್ನು ಅದೇ ಬೀಗದ ಹೆಣಿಗೆಗೆ ಸೇರಿಸಿ ಇಟ್ಟಿರುತ್ತಾರೆ. ಗೇಟನ್ನಾಗಲಿ, ಸರಪಳಿಯನ್ನಾಗಲಿ, ಅಡ್ಡಕಂಬವನ್ನಾಗಲಿ ಮುರಿದವರಿಗೆ 1989ರ ರೈಲ್ವೆ ಕಾಯ್ದೆಯ 160ನೆಯ ಕಲಮು ಐದು ವರ್ಷದವರೆಗಿನ ಸೆರೆವಾಸವನ್ನು ವಿಧಿಸುತ್ತದೆ. ಕಾಯ್ದೆ ಸರಪಳಿಯನ್ನು ಹೆಸರಿಸಿರುವುದು ಗಮನಾರ್ಹ: ಎರಡೂ ಬೂಮುಗಳು ಕೈಕೊಟ್ಟಾಗ ರಸ್ತೆಗೆ ಅಡ್ಡಲಾಗಿ ಎಳೆದು ಬೀಗ ಹಾಕಲು ಗೇಟ್‌ಮನ್‌ನ ಬಳಿ ಈಗಲೂ ಸರಪಳಿಯೇ ಇರುತ್ತದೆ.