ಡಬ್ಬಿ ಅಗ್ಗ, ಜಾಗ ಯಾರದ್ದು?

ಕಂಟೇನರ್ ಮನೆ ಅಗ್ಗ ಅಂತ ಹೇಳುವವರಲ್ಲಿ ಹೆಚ್ಚಿನವರಿಗೆ ಅದನ್ನು ಇಡೋದಕ್ಕೆ ಎಲ್ಲೋ ಒಂದು ಕಡೆ ಜಾಗ ಇರುತ್ತದೆ. ನಮ್ಮ ಆಫೀಸಿನಲ್ಲೇ ನೋಡಿ, ಊಟದ ಹೊತ್ತಿಗೆ ವಾರಕ್ಕೊಂದು ಸಲವಾದರೂ ಯಾರಾದರೂ ಮೊಬೈಲು ಮುಂದೆ ಹಿಡಿಯುತ್ತಾರೆ. ಹಡಗಿನಲ್ಲಿ ಸರಕು ಹೊರುತ್ತಿದ್ದ ಕಬ್ಬಿಣದ ಡಬ್ಬಿಗೆ ಗಾಜಿನ ಬಾಗಿಲು, ಒಳಗೆ ಮರದ ನೆಲ, ಹೊರಗೆ ಎರಡು ಬೆತ್ತದ ಕುರ್ಚಿ. ಕಾರ್ಕಳದ ಕಡೆ ಅಪ್ಪನ ಗೇರುತೋಪಿನ ಮೂಲೆಯಲ್ಲಿ ಇಂಥದ್ದೊಂದು ಇಟ್ಟರೆ ಮಣಿಪಾಲದ ಬಾಡಿಗೆ ಉಳಿಯಿತು ಎಂದು ಲೆಕ್ಕ ಶುರುವಾಗುತ್ತದೆ. ಲೆಕ್ಕದಲ್ಲಿ ವೆಲ್ಡಿಂಗ್ ಬರುತ್ತದೆ, ಎ.ಸಿ. ಬರುತ್ತದೆ, ಕ್ರೇನ್ ಬಾಡಿಗೆಯೂ ಬರುತ್ತದೆ. ಅಪ್ಪನ ತೋಪು ಮಾತ್ರ ಲೆಕ್ಕಕ್ಕೇ ಇಲ್ಲ.

ಡಬ್ಬಿಯ ಚರಿತ್ರೆ ಚಿಕ್ಕದು. ಅಮೆರಿಕದಲ್ಲಿ ಲಾರಿ ಕಂಪೆನಿ ಕಟ್ಟಿ ಬೆಳೆದ ಮಾಲ್ಕಮ್ ಮೆಕ್ಲೀನ್ ಎಂಬಾತ 1956ರ ಏಪ್ರಿಲ್ 26ರಂದು 'ಐಡಿಯಲ್ ಎಕ್ಸ್' ಎಂಬ ಹಡಗಿನಲ್ಲಿ 58 ಪೆಟ್ಟಿಗೆಗಳನ್ನು ನೆವಾರ್ಕ್‌ನಿಂದ ಹ್ಯೂಸ್ಟನ್‌ಗೆ ಕಳಿಸಿದ. ಅಲ್ಲಿಂದ ಮುಂದೆ ಜಗತ್ತಿನ ಸಾಮಾನೆಲ್ಲ ಒಂದೇ ಅಳತೆಯ ಡಬ್ಬಿಗಳಲ್ಲಿ ಓಡಾಡತೊಡಗಿತು. ಆಮದು ಹೆಚ್ಚು, ರಫ್ತು ಕಡಿಮೆ ಇರುವ ಬಂದರುಗಳಲ್ಲಿ ಖಾಲಿ ಡಬ್ಬಿ ರಾಶಿ ಬಿತ್ತು. ಇದರಲ್ಲಿ ಮನುಷ್ಯರೂ ಇರಬಹುದಲ್ಲ ಎಂದು ಫಿಲಿಪ್ ಕ್ಲಾರ್ಕ್ ಎಂಬಾತ 1987ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದ. ಆಮೇಲೆ ಆಮ್‌ಸ್ಟರ್‌ಡ್ಯಾಮಿನ 'ಕೀಟ್‌ವೊನೆನ್' ಬಂತು. ಸುಮಾರು ಸಾವಿರ ಡಬ್ಬಿಗಳಲ್ಲಿ ಸಾವಿರ ವಿದ್ಯಾರ್ಥಿಗಳು. ನಾವು ನೋಡುವ ರೀಲ್‌ಗಳ ಅಜ್ಜ ಅಂದರೆ ಇದೇ. ಅದನ್ನು ಕಟ್ಟಿದ್ದು ಕೆಲವು ವರ್ಷದ ಮಟ್ಟಿಗೆ, ಜಾಗ ಬೇರೆ ಕೆಲಸಕ್ಕೆ ಬೇಕಾದಾಗ ಎತ್ತಿ ಒಯ್ಯಬಹುದು ಎಂಬ ಯೋಚನೆಯಲ್ಲಿ. ಎತ್ತಿಕೊಂಡು ಹೋಗಬಹುದಾದ ಮನೆ ಎಂಬುದು ಅಲ್ಲಿ ಹೊಸ ಐಡಿಯಾ ಆಗಿರಬಹುದು. ನಮ್ಮಲ್ಲಿ ಅದಕ್ಕೆ ಹಳೆಯದೇ ಒಂದು ಪದ ಇದೆ.

ತುಳುವಿನಲ್ಲಿ 'ಕೊಟ್ಯ' ಅನ್ನುತ್ತಾರೆ. ಕಂಬ ನೆಟ್ಟು ಮಾಡು ಇಳಿಸಿದ ಯಾವ ಚಪ್ಪರವೂ ಕೊಟ್ಯವೇ. ಆಚಾರಿಯ ಕುಲುಮೆಯದ್ದೂ ಕೊಟ್ಯ, ಗದ್ದೆ ಕಾಯುವವನದ್ದೂ ಕೊಟ್ಯ. ಬಡವರು ಬದುಕು ಕಳೆದದ್ದೂ ಕೊಟ್ಯದಲ್ಲೇ. ಕೊರಗರ ಎಲೆಗುಡಿಸಲಿಗೆ ಮಾತ್ರ 'ಕೊಪ್ಪ' ಎಂಬ ಬೇರೆ ಹೆಸರು. ಇಂಗ್ಲಿಷಿನ 'ಶೆಡ್' ನಮ್ಮ ಬಾಯಿಗೆ ಇಷ್ಟು ಸಲೀಸಾಗಿ ಕೂತದ್ದು ಯಾಕೆ ಅಂತ ಈಗ ಗೊತ್ತಾಯಿತಲ್ಲ. ಕೆಲಸದ ಜಾಗಕ್ಕೂ ಮಲಗುವ ಜಾಗಕ್ಕೂ ಒಂದೇ ಪದ ಸಾಕಾಗಿದ್ದ ಊರು ಇದು.

ಕೊಟ್ಯಕ್ಕೆ ದುಡ್ಡು ಬೇಡ. ಮಣ್ಣಿನ ಗೋಡೆ, ಬಿದಿರು ಇಲ್ಲವೇ ಅಡಿಕೆ ಮರದ ಸಲಾಕೆ, ಮೇಲೆ ಮುಳಿಹುಲ್ಲು ಅಥವಾ ಹೆಣೆದ ತೆಂಗಿನ ಮಡಲು. ಖರ್ಚಿರುವುದು ಮೈಗೆ. ಹುಲ್ಲಿನ ಮಾಡು ವರ್ಷಕ್ಕೊಮ್ಮೆ ಹೊಸತಾಗಬೇಕು, ಪತ್ತನಾಜೆಯ ಆಸುಪಾಸಿನೊಳಗೆ, ಅಂದರೆ ಮೇ ಕೊನೆಯೊಳಗೆ. ಆಮೇಲೆ ಉಡುಪಿಯ ಮೇಲೆ ವರ್ಷಕ್ಕೆ 4000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುತ್ತದೆ, ಅದರಲ್ಲಿ ಹೆಚ್ಚಿನದು ನಾಲ್ಕೇ ತಿಂಗಳಲ್ಲಿ. ಇರಚಲು ತಡೆಯಲು ಜಗಲಿಗೆ ತಟ್ಟಿ ಕಟ್ಟಬೇಕು. ಒಂದು ವರ್ಷ ಸೋಮಾರಿತನ ಮಾಡಿದರೆ ಮರುವರ್ಷಕ್ಕೆ ಮನೆ ಇಲ್ಲ.

ಹೆಂಚು ಆಗ ಇರಲಿಲ್ಲವೇ? ಇತ್ತು. 1865ರಲ್ಲಿ ಬಾಸೆಲ್ ಮಿಷನ್ನಿನ ಜಾರ್ಜ್ ಪ್ಲೆಬ್ಸ್ಟ್ ಮಂಗಳೂರಿನ ಜೆಪ್ಪುವಿನಲ್ಲಿ ಯಂತ್ರದ ಹೆಂಚಿನ ಕಾರ್ಖಾನೆ ತೆರೆದರು. ನೇತ್ರಾವತಿ ದಡದ ಜೇಡಿಮಣ್ಣು, ಘಟ್ಟದ ಸೌದೆ, ಸಾಗಿಸಲು ಕಡಲು. ಸ್ವಲ್ಪ ಕಾಲದಲ್ಲೇ ನಮ್ಮ ಮಲ್ಪೆಯಲ್ಲೂ ಮಿಷನ್ನಿನ ಹೆಂಚಿನ ಕಾರ್ಖಾನೆ ಬಂತು. ಒಂದರ ಅಂಚಿಗೆ ಇನ್ನೊಂದು ಕಚ್ಚಿಕೊಳ್ಳುವ ಆ ಕೆಂಪು ಹೆಂಚು ಕಡಲು ದಾಟಿ ದೇಶಾಂತರಕ್ಕೆ ಹೋಯಿತು. ಕಾರ್ಖಾನೆಯಿಂದ ಮೂರು ಮೈಲಿ ದೂರದ ಕೊಟ್ಯದ ಮೇಲೆ ಏರಲು ಮಾತ್ರ ಅದಕ್ಕೆ ನೂರು ವರ್ಷವೇ ಬೇಕಾಯಿತು ಅನ್ನಬಹುದು.

ಇದಕ್ಕೆ ಬಡತನ ಎಂಬ ಒಂದೇ ಕಾರಣ ಸಾಲದು ಅಂತ ನನಗನ್ನಿಸುತ್ತದೆ. ಹೆಂಚು ಏರಬೇಕಾದರೆ ಗೋಡೆ ಗಟ್ಟಿ ಇರಬೇಕು, ಪಕ್ಕಾಸು ರೀಪು ಬೇಕು, ಮುರಕಲ್ಲಿನ ಪಂಚಾಂಗ ಬೇಕು. ಇಷ್ಟೆಲ್ಲ ಖರ್ಚು ಮಾಡುವವನಿಗೆ ಮುಂದಿನ ವರ್ಷವೂ ತಾನು ಇಲ್ಲೇ ಇರುತ್ತೇನೆ ಎಂಬ ಧೈರ್ಯವೂ ಬೇಕು. ಕರಾವಳಿಯಲ್ಲಿ ಗೇಣಿ ಎರಡು ಬಗೆ. ಮೂಲಗೇಣಿಯವನಿಗೆ ಜಾಗ ಕಾಯಂ, ಚಾಲಗೇಣಿಯವನು ಧಣಿ ಹೇಳಿದ ದಿನ ಎದ್ದು ಹೋಗಬೇಕು. ಅವರಿಬ್ಬರ ಕೆಳಗೆ ಮೂಲದಾಳುಗಳು, ಧಣಿಯ ಜಾಗದಲ್ಲೇ ಗುಡಿಸಲು, ಧಣಿಯ ಗದ್ದೆಯಲ್ಲೇ ಕೆಲಸ. ನಾಳೆ ಬಿಡಬೇಕಾಗಬಹುದಾದ ನೆಲದ ಮೇಲೆ ಯಾರು ಪಂಚಾಂಗ ಹಾಕುತ್ತಾರೆ ಹೇಳಿ? ಕಾರಂತರ 'ಚೋಮನ ದುಡಿ' ಬಂದದ್ದು 1933ರಲ್ಲಿ. ಅದರ ಚೋಮ ಆಸೆಪಟ್ಟದ್ದು ಒಳ್ಳೆಯ ಮನೆಗಲ್ಲ, ಉಳಲು ಒಂದು ತುಂಡು ಭೂಮಿಗೆ.

ಮಣಿಪಾಲದಲ್ಲಿರುವವರು ಹಸ್ತಶಿಲ್ಪ ಹೆರಿಟೇಜ್ ವಿಲೇಜನ್ನು ಒಮ್ಮೆಯಾದರೂ ನೋಡಿಬನ್ನಿ. ಬೀಳಲಿದ್ದ ಹಳೆಯ ಮನೆಗಳನ್ನು ವಿಜಯನಾಥ ಶೆಣೈ ತೊಲೆ ತೊಲೆಯಾಗಿ ಬಿಚ್ಚಿಸಿ ತಂದು ಇಲ್ಲಿ ಮತ್ತೆ ಎಬ್ಬಿಸಿದರು. ಕಾರ್ಕಳ ಪಕ್ಕದ ಮಿಯಾರಿನ ಮನೆ ಇದೆ, ಕುಂಜೂರಿನ ಚೌಕಿಮನೆ ಇದೆ. ಎತ್ತಿ ಬೇರೆಡೆ ಇಡಬಹುದಾದ ಮನೆಗೆ ಹಡಗಿನ ಡಬ್ಬಿಯೇ ಬೇಕಿಲ್ಲ ಎಂಬುದಕ್ಕೆ ಇದಕ್ಕಿಂತ ಚಂದದ ಸಾಕ್ಷಿ ಸಿಗಲಿಕ್ಕಿಲ್ಲ. ಅವೆಲ್ಲ ಉಳ್ಳವರ ಮನೆಗಳು. ಕೊಟ್ಯವನ್ನು ಹಾಗೆ ಬಿಚ್ಚಿ ತರಲು ಬರುವುದಿಲ್ಲ. ಅದರ ಹುಲ್ಲು ಒಂದು ಮಳೆಗಾಲಕ್ಕೆ, ಮಣ್ಣು ಇನ್ನೊಂದಕ್ಕೆ.

ನನ್ನ ಅಜ್ಜಿಗೆ ಗೊತ್ತಿದ್ದ ಇಂಗ್ಲಿಷ್ ಪದಗಳನ್ನು ಬೆರಳಲ್ಲಿ ಎಣಿಸಬಹುದಿತ್ತು. ಅದರಲ್ಲಿ 'ಡಿಕ್ಲರೇಶನ್' ಒಂದು. "ಡಿಕ್ಲರೇಶನ್ ಆದ ಮೇಲೆ ಹೆಂಚು ಹಾಕಿದ್ದು" ಅನ್ನುತ್ತಿದ್ದರು, ಮದುವೆಯಾದ ಮೇಲೆ ಅನ್ನುವ ಹಾಗೆ. ಉಡುಪಿ, ಕಾಪು, ಕಾರ್ಕಳದ ಯಾವ ಹಳಬರನ್ನು ಕೇಳಿದರೂ ಈ ಪದ ಬರುತ್ತದೆ. 1961ರ ಭೂಸುಧಾರಣಾ ಕಾಯ್ದೆಗೆ ದೇವರಾಜ ಅರಸು ಸರ್ಕಾರ ತಂದ ತಿದ್ದುಪಡಿ 1974ರ ಮಾರ್ಚ್ 1ರಂದು ಜಾರಿಯಾಯಿತು. ಗೇಣಿಯ ಭೂಮಿಯೆಲ್ಲ ಸರ್ಕಾರಕ್ಕೆ ಸೇರಿತು. ಉಳುತ್ತಿದ್ದವನು ಫಾರ್ಮ್ ನಂಬರ್ 7 ತುಂಬಿ ಟ್ರಿಬ್ಯುನಲ್‌ಗೆ ಕೊಟ್ಟರೆ ಅದು ಅವನದ್ದು. ಆ ಅರ್ಜಿಯೇ ಡಿಕ್ಲರೇಶನ್. ಧಣಿಯ ಎದುರು ಅರ್ಜಿ ಕೊಡಲು ಹೆದರಿ ಕೂತವರೂ ಇದ್ದರು, ಅವರ ಮಕ್ಕಳು ಇವತ್ತಿಗೂ ಆ ಮಾತು ತೆಗೆದರೆ ಸುಮ್ಮನಾಗುತ್ತಾರೆ.

ಅದೇ ಕಾಯ್ದೆಯ 38ನೇ ಕಲಮನ್ನು ಓದಿದವರು ಕಡಿಮೆ. ಬೇರೆಯವರ ಜಾಗದಲ್ಲಿ ಮನೆ ಮಾಡಿಕೊಂಡಿರುವ ಕೃಷಿಕೂಲಿಗೆ ಆ ಮನೆ, ಅದರ ನಿವೇಶನ, ಸುತ್ತ ಬೇಕಾದಷ್ಟು ನೆಲ ಇಷ್ಟರ ಒಡೆತನ ಕೊಡುವ ಕಲಮು ಅದು. ಉಳಲು ಗೇಣಿ ಭೂಮಿಯೂ ಇಲ್ಲದ ಆಳಿಗೆ ಕೊನೆಪಕ್ಷ ತಾನು ಮಲಗುವ ಕೊಟ್ಯದ ಅಡಿಯ ನೆಲ. ನನ್ನ ಮಟ್ಟಿಗೆ ಕರಾವಳಿಯ ಅಗ್ಗದ ಮನೆಯ ಚರಿತ್ರೆಯಲ್ಲಿ ಜೆಪ್ಪುವಿನ ಕಾರ್ಖಾನೆಗಿಂತ, ಮೆಕ್ಲೀನನ ಹಡಗಿಗಿಂತ ದೊಡ್ಡ ಘಟನೆ ಇದೇ. ಮನೆ ಅದೇ, ಹುಲ್ಲು ಅದೇ, ಅಡಿಯ ನೆಲದ ಹೆಸರು ಬದಲಾಯಿತು. ಹೆಸರು ಬದಲಾದ ಮೇಲೆ ಗೋಡೆ ಮುರಕಲ್ಲಾಯಿತು, ಮಾಡು ಹೆಂಚಾಯಿತು.

ಎಲ್ಲರಿಗೂ ಅದು ದಕ್ಕಲಿಲ್ಲ. ಉಳಿದವರಿಗಾಗಿ ಜನತಾ ಮನೆಗಳು ಬಂದವು, ಗುಡ್ಡೆಯ ಮೇಲೆ 'ಐದು ಸೆಂಟ್ಸ್ ಕಾಲೊನಿ'ಗಳು ಬಂದವು. ಇವತ್ತಿಗೂ ನಮ್ಮಲ್ಲಿ ಊರಿಗೊಂದು ಐದು ಸೆಂಟ್ಸ್ ಇದೆ, ಬಸ್ಸಿನ ಕಂಡಕ್ಟರ್ ಅದನ್ನೇ ಸ್ಟಾಪಿನ ಹೆಸರಾಗಿ ಕೂಗುತ್ತಾನೆ. ಸರ್ಕಾರಿ ಜಾಗದಲ್ಲಿ ಶೆಡ್ ಹಾಕಿ ಕೂತವರಿಗೆ ಕಂದಾಯ ಕಾಯ್ದೆಯ 94ಸಿ, ಪೇಟೆಯಲ್ಲಾದರೆ 94ಸಿಸಿ. ಅಲ್ಲಿ ಹಕ್ಕುಪತ್ರ ಸಿಗಬೇಕಾದರೆ ಮೊದಲು ಮನೆ ಇರಬೇಕು. ಹಾಗಾಗಿ ತಗಡೋ ಟಾರ್ಪಾಲೋ ಏನಾದರೊಂದು ಎಬ್ಬಿಸಿ, ಡೋರ್ ನಂಬರಿಗೆ ಅಲೆದು, ಕರೆಂಟು ಎಳೆಸಿ, ವರ್ಷಗಟ್ಟಲೆ ಕಾಯುತ್ತಾರೆ. ನಾವು ಅತಿಕ್ರಮಣ ಅನ್ನುತ್ತೇವೆ. ಆ ಶೆಡ್ ಅವರ ಅರ್ಜಿ.

ಈಗ ಗೆಳೆಯನ ಡಬ್ಬಿಗೆ ಬರೋಣ. ಇಪ್ಪತ್ತಡಿ ಕಂಟೇನರ್ ನಿಲ್ಲುವುದು 160 ಚದರಡಿಯಲ್ಲಿ, ಒಂದು ಸೆಂಟ್ಸಿನ ಅರ್ಧವೂ ಅಲ್ಲ. ಒಳಗೆ ಸಿಗುವುದು ಹೆಚ್ಚೆಂದರೆ 14 ಚದರ ಮೀಟರ್. ಪ್ರಧಾನಮಂತ್ರಿ ಆವಾಸ್ ಯೋಜನೆಯಲ್ಲಿ ಹಳ್ಳಿಯ ಬಡವನಿಗೆ ಕನಿಷ್ಠ ಇರಲೇಬೇಕೆಂದಿರುವ ಮನೆ 25 ಚದರ ಮೀಟರ್. ತೋಪಿನಲ್ಲಿ ವಾಸಕ್ಕೆ ಇಡುವುದಾದರೆ ಭೂಪರಿವರ್ತನೆ ಆಗಬೇಕು, ಪಂಚಾಯತಿಯಿಂದ 9/11 ಸಿಗಬೇಕು, ಆ ಓಡಾಟ ಡಬ್ಬಿಗೂ ಅರಮನೆಗೂ ಒಂದೇ. ಡಬ್ಬಿಯ ಉಕ್ಕು ತನ್ನ ತುಕ್ಕಿನಿಂದಲೇ ತನ್ನನ್ನು ಕಾಪಾಡಿಕೊಳ್ಳುವ ಜಾತಿಯದ್ದು. ಕಾಪುವಿನ ಉಪ್ಪುಗಾಳಿಯಲ್ಲಿ ಆ ಉಪಾಯ ನಡೆಯುವುದಿಲ್ಲ, ವರ್ಷವರ್ಷ ಬಣ್ಣ ಬೇಕು. ಮೇಲ್ಭಾಗ ಚಪ್ಪಟೆ, ಅಲ್ಲಿ ನೀರು ನಿಲ್ಲುತ್ತದೆ. ಕೊನೆಗೆ ಅದರ ಮೇಲೊಂದು ಇಳಿಜಾರು ಶೀಟು ಹಾಕಲೇಬೇಕು. ನಗಬೇಡಿ, ಆರ್‌ಸಿಸಿ ತಾರಸಿ ಹಾಕಿ ಮರುವರ್ಷವೇ ಅದರ ಮೇಲೆ ತಗಡಿನ ಶೀಟು ಹೊದಿಸುವ ಊರು ನಮ್ಮದು. ಮುಳಿಹುಲ್ಲಿನ ಕಾಲದ ಇಳಿಜಾರನ್ನು ಈ ಮಳೆ ಯಾರಿಂದಲೂ ಬಿಡಿಸಿಲ್ಲ.

ನಾನು ಎರಡು ವರ್ಷ ಬಾಡಿಗೆಗಿದ್ದ ಕೋಣೆ ಮೊದಲು ಕಾರ್ ಶೆಡ್ ಆಗಿತ್ತು. ಶಟರ್ ತೆಗೆದು ಬಾಗಿಲಿಟ್ಟಿದ್ದರು, ನೆಲದಲ್ಲಿ ಚಕ್ರದ ಕಪ್ಪು ಗುರುತು ಹಾಗೇ ಇತ್ತು. ಹನ್ನೊಂದು ತಿಂಗಳ ಕರಾರು. ಚಾಲಗೇಣಿ ಎಂಬ ಪದ ನನಗೆ ಚೆನ್ನಾಗಿ ಅರ್ಥವಾದದ್ದು ಅಲ್ಲೇ.

ಆದರೂ ನನ್ನದು ಗೋಡೆ, ಫ್ಯಾನು, ನಲ್ಲಿ ಇದ್ದ ಶೆಡ್. 1953ರಲ್ಲಿ ಡಾ. ಟಿ.ಎಂ.ಎ. ಪೈ ಮೆಡಿಕಲ್ ಕಾಲೇಜು ತೆರೆದಾಗ ಮಣಿಪಾಲ ಬರೀ ಮುರಕಲ್ಲಿನ ಬೋಳುಗುಡ್ಡೆ. ಅದರ ಮೇಲೆ ಇವತ್ತು ಕಾಣುವ ಹದಿನೈದು ಮಹಡಿಗಳನ್ನು ಎಬ್ಬಿಸಿದವರು ಗದಗ, ಬಾಗಲಕೋಟೆ, ಹಾವೇರಿ ಕಡೆಯವರು, ಈಚೆಗೆ ಬಂಗಾಳ, ಒಡಿಶಾದವರು. ನಮ್ಮ ಅಜ್ಜಂದಿರು ಘಟ್ಟ ಹತ್ತಿ ಕಾಫಿ ಎಸ್ಟೇಟಿನ ಲೈನ್ ಮನೆಗಳಲ್ಲಿ ಇದ್ದ ಹಾಗೆ, ಮುಂಬಯಿಯ ಉಡುಪಿ ಹೋಟೆಲಿನಲ್ಲಿ ಗಿರಾಕಿ ಹೋದ ಮೇಲೆ ಅದೇ ಮೇಜುಗಳನ್ನು ಕೂಡಿಸಿ ಮಲಗಿದ ಹಾಗೆ, ಇವರು ಕಟ್ಟುವ ಕಟ್ಟಡದ ಪಕ್ಕದಲ್ಲೇ ತಗಡಿನ ಸಾಲಿನಲ್ಲಿ ಇರುತ್ತಾರೆ. ಏಪ್ರಿಲ್ ಮಧ್ಯಾಹ್ನ ಆ ತಗಡನ್ನು ಮುಟ್ಟಿ ನೋಡಿ. ರಾತ್ರಿ ಹತ್ತರವರೆಗೂ ಒಳಗೆ ಕೂರಲಾಗದೆ ಮಕ್ಕಳನ್ನು ಮರಳಿನ ರಾಶಿಯ ಮೇಲೆ ಮಲಗಿಸಿರುತ್ತಾರೆ.

ಇವರಿಗೂ 2025ರವರೆಗೆ ಒಂದು ಕಾಯ್ದೆ ಇತ್ತು, 1996ರ ಕಟ್ಟಡ ಕಾರ್ಮಿಕರ ಕಾಯ್ದೆ. ಅದರ 34ನೇ ಕಲಮಿನ ಪ್ರಕಾರ ಕೆಲಸ ಮಾಡಿಸುವವನು ಕೆಲಸದ ಜಾಗದಲ್ಲಿ ಅಥವಾ ಹತ್ತಿರದಲ್ಲಿ ಬಿಟ್ಟಿಯಾಗಿ ತಾತ್ಕಾಲಿಕ ವಸತಿ ಕೊಡಬೇಕಿತ್ತು, ಅಡುಗೆಗೆ, ಸ್ನಾನಕ್ಕೆ, ಬಟ್ಟೆ ಒಗೆಯಲು, ಶೌಚಕ್ಕೆ ಬೇರೆ ಬೇರೆ ಜಾಗ ಇರಬೇಕಿತ್ತು. ಮುಂದಿನ ಸಾಲನ್ನೂ ಓದಿ: ಕಟ್ಟಡದ ಕೆಲಸ ಮುಗಿದ ಮೇಲೆ ಅವನದೇ ಖರ್ಚಿನಲ್ಲಿ ಆ ವಸತಿಯನ್ನು ಕೆಡವಿ ನೆಲವನ್ನು ಮೊದಲಿನಂತೆ ಮಾಡಬೇಕಿತ್ತು. 38ನೇ ಕಲಮು ಕೂಲಿಯ ಗುಡಿಸಲಿಗೆ ನೆಲ ಬರೆದುಕೊಟ್ಟಿತ್ತು, ಇದು ಕೂಲಿಯ ಶೆಡ್ಡಿನ ಗುರುತೂ ಉಳಿಯಬಾರದು ಅನ್ನುತ್ತಿತ್ತು.

ಕಾಯ್ದೆಯ ಉಳಿದ ಭಾಗದ ಬಗ್ಗೆ ನಾನು ಏನೂ ಹೇಳಲಾರೆ, ಕೆಡವುವ ಭಾಗವಂತೂ ತಪ್ಪದೆ ಪಾಲನೆಯಾಗುತ್ತ ಬಂದಿದೆ. ಫ್ಲ್ಯಾಟಿಗೆ ಬಣ್ಣ ಬಳಿದು ಮುಗಿದ ವಾರ ತಗಡು ಕಳಚಿ ಲಾರಿಗೆ ಏರುತ್ತದೆ, ಪಾತ್ರೆ, ಟ್ರಂಕು, ಒಂದು ಟೇಬಲ್ ಫ್ಯಾನು, ಮೇಲೆ ಹೆಂಗಸರು ಮಕ್ಕಳು. ಮುಂದಿನ ಕೆಲಸ ಪಡುಬಿದ್ರಿಯ ಕಡೆಯೋ ಕಾರ್ಕಳದ ಕಡೆಯೋ, ಮೇಸ್ತ್ರಿಗೆ ಗೊತ್ತು. ಶೆಡ್ಡುಗಳಿದ್ದ ಜಾಗಕ್ಕೆ ಇಂಟರ್‌ಲಾಕ್ ಹಾಕಿ ಪಾರ್ಕಿಂಗ್ ಗೆರೆ ಎಳೆಯುತ್ತಾರೆ.