ಕಾವು ಮರೆತ ಕೋಳಿ

ನಂಜನಗೂಡು, ತಿ. ನರಸೀಪುರ ಸೀಮೆಯ ರೈತಾಪಿ ಮನೆಗಳಲ್ಲಿ ಭತ್ತ, ರಾಗಿಯ ಹಣ ಯಜಮಾನನ ಕೈ ಸೇರಿದರೆ, ಮೊಟ್ಟೆ ಮಾರಿದ ಪುಡಿಗಾಸು ಹೆಚ್ಚಾಗಿ ಹೆಂಗಸರದೇ. ತಿಪ್ಪೆ ಕೆದಕಿ, ಕಣದಲ್ಲಿ ಉದುರಿದ ಕಾಳು ಹೆಕ್ಕಿ ಬದುಕುವ ಹಿತ್ತಲ ಕೋಳಿಗೆ ಖರ್ಚು ಕಡಿಮೆ. ಹಾಗಾಗಿಯೇ ಅದು ಯಾವ ಲೆಕ್ಕದ ಪುಸ್ತಕಕ್ಕೂ ಸೇರಲಿಲ್ಲವೇನೋ!

ನಾಟಿ ಹೇಟೆ ಹತ್ತು ಹದಿನೈದು ಮೊಟ್ಟೆಯಿಟ್ಟು ಕಾವಿಗೆ ಕೂರುತ್ತದೆ. ಮರಿ ಹೊರಬರಲು 21 ದಿನ. ಮುಂದೆ ಮರಿಗಳ ಹಿಂದೆ ವಾರಗಟ್ಟಲೆ ಓಡಾಟ. ಅಷ್ಟು ಕಾಲವೂ ಮೊಟ್ಟೆಯಿಲ್ಲ. ವರ್ಷದ ಒಟ್ಟು ಲೆಕ್ಕ ಐವತ್ತು ಅರವತ್ತು ದಾಟುವುದು ಕಷ್ಟ. ಮೊಟ್ಟೆಯ ಆಸೆಗೆ ಕಾವಿನ ಕೋಳಿಯನ್ನು ನೀರಿನಲ್ಲಿ ಅದ್ದಿ ಕಾವು ಬಿಡಿಸುವುದೂ ಹಳೆಯ ರೂಢಿಯೇ.

ಈ ಕಾವು ಕಾಡಿನಿಂದ ಬಂದ ಗುಣ. ಸಾಕುಕೋಳಿಯ ಮೂಲ ಆಗ್ನೇಯ ಏಷ್ಯಾದ ಕೆಂಪು ಕಾಡುಕೋಳಿ. ನಂಜನಗೂಡಿನ ದಕ್ಷಿಣಕ್ಕಿರುವ ಬಂಡೀಪುರದ ಕಾಡಿನಲ್ಲಿ ಕೂಗುವ ಬೂದು ಕಾಡುಕೋಳಿಗೂ ಇದರಲ್ಲಿ ಸಣ್ಣ ಪಾಲುಂಟು. ಸಾಕುಕೋಳಿಯ ಹಳದಿ ಚರ್ಮ ಈ ಜಾತಿಯಿಂದ ಬಂದದ್ದೆಂದು 2008ರಲ್ಲಿ ವಂಶವಾಹಿ ಅಧ್ಯಯನವೊಂದು ತೋರಿಸಿತು.

ಇಟಲಿಯ ಲಿವೊರ್ನೊ ಬಂದರಿನ ಹೆಸರು ಹೊತ್ತ ಲೆಗ್‌ಹಾರ್ನ್ ಕೋಳಿಯಲ್ಲಿ ಆ ಗುಣವನ್ನೇ ತಳಿಗಾರರು ಅಳಿಸುತ್ತ ಬಂದರು. ಕಾವಿನ ಕೆಲಸ ಯಂತ್ರಕ್ಕೆ ಹೋಯಿತು. ಕೋಳಿಗೆ ಉಳಿದದ್ದು ಮೊಟ್ಟೆಯಿಡುವುದೊಂದೇ. ಇಂದಿನ ಬಿಳಿ ಲೆಗ್‌ಹಾರ್ನ್ ವರ್ಷಕ್ಕೆ 300ರ ಆಸುಪಾಸು ಇಡುತ್ತದೆ. ಆದರೆ ಅದಕ್ಕೆ ಪಂಜರ, ತೂಕದ ಮೇವು, ರಾತ್ರಿಯೂ ದೀಪ ಬೇಕು. ಅದು ಹಿತ್ತಲಿನ ಬದುಕಲ್ಲ. ರಾಷ್ಟ್ರೀಯ ಮೊಟ್ಟೆ ಸಮನ್ವಯ ಸಮಿತಿ 1982ರಲ್ಲಿ ಹುಟ್ಟಿದ್ದೂ ಇಂಥ ಫಾರಂಗಳ ಸಾಕಣೆದಾರರಿಗೆ ನ್ಯಾಯವಾದ ಬೆಲೆ ಕೊಡಿಸಲೆಂದು.

ಹಿತ್ತಲಿಗೆಂದೇ ರೂಪುಗೊಂಡದ್ದು ಬೆಂಗಳೂರಿನ ಹೆಬ್ಬಾಳದ ಪಶುವೈದ್ಯ ಕಾಲೇಜಿನ ಗಿರಿರಾಜ. ಕಾಲೇಜು ಕೃಷಿ ವಿಶ್ವವಿದ್ಯಾಲಯದ ಅಡಿಯಲ್ಲಿದ್ದಾಗ, 1980ರ ದಶಕದ ಕೊನೆಯ ಹೊತ್ತಿಗೆ ಅದು ರೈತರ ಕೈ ಸೇರಿತು. ನಾಟಿ ಕೋಳಿಯಂತೆ ಬಣ್ಣಬಣ್ಣದ ಗರಿ, ಹೊರಗೆ ಮೇಯುತ್ತದೆ, ವರ್ಷಕ್ಕೆ 130ರಿಂದ 150 ಮೊಟ್ಟೆ. ಮೈಭಾರದಿಂದ ಹದ್ದು, ನಾಯಿಗೆ ಸುಲಭವಾಗಿ ಸಿಗುತ್ತದೆಂಬ ದೂರಿತ್ತು. 2005ರಲ್ಲಿ ಬಂದ ಸ್ವರ್ಣಧಾರ ತೂಕದಲ್ಲಿ ಹಗುರ, ಮೊಟ್ಟೆಯಲ್ಲಿ ಸ್ವಲ್ಪ ಮುಂದೆ.

ತೊಡಕು ಇರುವುದು ಬೇರೆಡೆ. ಗಿರಿರಾಜ ಸಾಮಾನ್ಯವಾಗಿ ಕಾವಿಗೆ ಕೂರುವುದಿಲ್ಲ. ಅದರ ಮೊಟ್ಟೆಯಿಂದ ಮರಿ ಮಾಡಿದರೂ ಮುಂದಿನ ಪೀಳಿಗೆಯಲ್ಲಿ ಮೊದಲಿನ ಗುಣ ಪೂರ್ತಿ ಉಳಿಯದು. ಹಾಗಾಗಿ ಪ್ರತಿ ಸಲವೂ ಹೊಸ ಮರಿ ಕೊಳ್ಳಬೇಕು. ಮೊಟ್ಟೆ ಇಮ್ಮಡಿಯಾಯಿತು ನಿಜ, ಆದರೆ ಸಂತಾನ ಮನೆಯ ಕೈತಪ್ಪಿತು. ನಾಟಿ ಹೇಟೆಯ ಕಾವು ದಡ್ಡತನವಲ್ಲ, ಹೆಂಗಸರ ಸ್ವಂತ ಬಂಡವಾಳವಾಗಿತ್ತು ಎಂಬುದು ಆಗಲೇ ತಿಳಿಯುವುದು. ಗಿರಿರಾಜದ ಮೊಟ್ಟೆಯನ್ನು ನಾಟಿ ಹೇಟೆಯ ಅಡಿಗಿಟ್ಟು ಮರಿ ಮಾಡಿಸುವ ಉಪಾಯವೂ ಬಳಕೆಯಲ್ಲಿದೆ. ಹೊಸ ತಳಿ ಬಂದರೂ ಹಳೆಯದನ್ನು ಬಿಡಲಾಗದು ಎಂಬುದಕ್ಕೆ ಇದೇ ಸಾಕ್ಷಿ.

ತಳಿ ಯಾವುದೇ ಇರಲಿ, ಕೊಕ್ಕರೆ ರೋಗ ಬಂದರೆ ಗೂಡು ಖಾಲಿ. ಇದಕ್ಕೆ ಲಸಿಕೆ ಅಗ್ಗ. ಆದರೆ ಸೀಸೆಗಳು ನೂರಾರು ಕೋಳಿಗಳ ಲೆಕ್ಕದಲ್ಲಿ ಬರುತ್ತವೆ. ಕಲಸಿದ ಮೇಲೆ ಕೆಲವೇ ಗಂಟೆಗಳಲ್ಲಿ ಮುಗಿಸಬೇಕು. ಹತ್ತು ಕೋಳಿಯ ಮನೆ ಅದನ್ನು ಒಂಟಿಯಾಗಿ ತಂದು ಮಾಡುವುದೇನು? ಬೀದಿಯ ಮನೆಗಳೆಲ್ಲ ಒಂದೇ ಮುಂಜಾನೆ ಕೋಳಿಗಳನ್ನು ಗೂಡಿನಿಂದ ಬಿಡುವ ಮೊದಲೇ ಒಟ್ಟಾಗಿ ಹಾಕಿಸಿದರೆ ಒಂದು ಸೀಸೆ ಸಾಕಾಗುತ್ತದೆ.