ಮೆಣಸಿನ ಸೀಮೆಯಲ್ಲಿ ಇಟಲಿಯ ಪ್ರವಾಸಿ

ಇಟಲಿಗೆ ಹೋದವರು ಅಲ್ಲಿನ ದ್ರಾಕ್ಷಿತೋಟಗಳ ಸೀಮೆಯಲ್ಲಿ ಎರಡು ದಿನ ಕಳೆದು, ಆ ನೆಲದ ದ್ರಾಕ್ಷಾರಸದ ರುಚಿ ನೋಡಿ ಬರುವುದು ವಾಡಿಕೆ. ಎಲ್ಲಿ ಇಳಿಯಬೇಕು, ಯಾವ ದಾರಿ ಹಿಡಿಯಬೇಕು, ಯಾರ ಜೊತೆ ಹೋಗಬೇಕು ಎಂಬ ಲೆಕ್ಕಾಚಾರ ಹೊರಡುವ ಮೊದಲೇ ನಡೆಯುತ್ತದೆ. ಹದಿನಾರು, ಹದಿನೇಳನೆಯ ಶತಮಾನಗಳಲ್ಲಿ ಇದೇ ಲೆಕ್ಕಾಚಾರ ಹಾಕಿಕೊಂಡು ಇಟಲಿಯವರು ಭಟ್ಕಳ, ಹೊನ್ನಾವರಗಳಿಗೆ ಬಂದಿದ್ದರು. ಆಗ ಯುರೋಪಿನ ಕಣ್ಣು ಇದ್ದದ್ದು ಈ ಸೀಮೆಯ ಕಾಳುಮೆಣಸಿನ ಮೇಲೆ.

ಮೊದಲು ಬಂದವರಲ್ಲಿ ಒಬ್ಬ ಲುಡೊವಿಕೊ ಡಿ ವಾರ್ತೆಮಾ. ರೋಮಿನಲ್ಲಿ 1510ರಲ್ಲಿ ಅಚ್ಚಾದ ಅವನ ಪ್ರವಾಸಕಥನದಲ್ಲಿ ಭಟ್ಕಳ 'ಬಟಕಾಲ'ವಾಗಿದೆ, ಹೊನ್ನಾವರ 'ಓನೋರ್' ಆಗಿದೆ. ಭಟ್ಕಳ ಕೋಟೆಗೋಡೆಯುಳ್ಳ ಸುಂದರ ಪಟ್ಟಣ, ಸಮುದ್ರದಿಂದ ಒಂದು ಮೈಲಿ ಒಳಗಿದೆ, ಚಿಕ್ಕ ಹೊಳೆಯ ಮೂಲಕ ಅಲ್ಲಿಗೆ ಹೋಗಬೇಕು, ಮುಸ್ಲಿಂ ವರ್ತಕರು ಬಹಳ, ಅಕ್ಕಿಯೂ ಸಕ್ಕರೆಯೂ ಧಾರಾಳ ಎಂದು ಅವನು ಬರೆದ. ಅಲ್ಲಿನ ಕಲ್ಲುಸಕ್ಕರೆ ಅವನಿಗೆ ತನ್ನ ದೇಶದ್ದನ್ನು ನೆನಪಿಗೆ ತಂದಿತು.

ಇದಕ್ಕಿಂತ ವಿವರವಾಗಿ ಬರೆದವನು ರೋಮಿನ ಶ್ರೀಮಂತ ಮನೆತನದ ಪಿಯೆತ್ರೊ ದೆಲ್ಲಾ ವಾಲೆ. ಅವನು ವರ್ತಕನಲ್ಲ, ಪಾದ್ರಿಯೂ ಅಲ್ಲ. ದೇಶ ನೋಡುವ ಆಸೆಯಿಂದ ಹೊರಟವನು. ತುರ್ಕಿ, ಈಜಿಪ್ಟ್, ಪರ್ಷಿಯಾಗಳನ್ನು ಸುತ್ತಿ 1623ರಲ್ಲಿ ಗೋವೆಗೆ ಬಂದ. ಅದೇ ಅಕ್ಟೋಬರಿನಲ್ಲಿ ಪೋರ್ಚುಗೀಸರ ರಾಯಭಾರಿಯೊಬ್ಬ ಇಕ್ಕೇರಿಯ ವೆಂಕಟಪ್ಪ ನಾಯಕನ ಆಸ್ಥಾನಕ್ಕೆ ಹೊರಟಿದ್ದ. ಒಂಟಿ ಪರದೇಶಿಗೆ ಘಟ್ಟ ಹತ್ತಲು ಇದಕ್ಕಿಂತ ಭದ್ರವಾದ ಜೊತೆ ಸಿಗುವುದು ಕಷ್ಟ. ದೆಲ್ಲಾ ವಾಲೆ ಆ ಪರಿವಾರ ಸೇರಿಕೊಂಡ.

ಹೊನ್ನಾವರದ ಕೋಟೆ ಆಗ ಪೋರ್ಚುಗೀಸರ ವಶದಲ್ಲಿತ್ತು. ಅಲ್ಲಿಂದ ದೋಣಿಯಲ್ಲಿ ಶರಾವತಿಯ ಮೇಲೆ ಸಾಗಿ ಗೇರುಸೊಪ್ಪೆ ಸೇರಿದರು. ತಾನು ಕಂಡ ನದಿಗಳಲ್ಲಿ ಅತ್ಯಂತ ಚೆಲುವಾದವುಗಳಲ್ಲಿ ಇದೂ ಒಂದು ಎಂದು ಅವನು ಮೆಚ್ಚಿದ. ಆದರೆ ದೋಣಿ ನಿಂತ ಕಡೆ ನಗರವಿರಲಿಲ್ಲ. ಬಿದ್ದ ಮನೆಗಳ ಮೇಲೆ ಮರಗಳು ಬೆಳೆದಿದ್ದವು. ರೈತರ ನಾಲ್ಕಾರು ಗುಡಿಸಲುಗಳಷ್ಟೇ ಉಳಿದಿದ್ದವು.

ಅದು ರಾಣಿ ಚೆನ್ನಭೈರಾದೇವಿಯ ರಾಜಧಾನಿ. 1552ರ ಸುಮಾರಿನಿಂದ 1606ರ ತನಕ, ಅರ್ಧ ಶತಮಾನಕ್ಕೂ ಮಿಕ್ಕಿ ಆಳಿದ ಜೈನ ರಾಣಿ ಆಕೆ. ಕುಮಟಾ ಬಳಿಯ ಮಿರ್ಜಾನ್ ಕೋಟೆಯೊಂದಿಗೂ ಜನ ಆಕೆಯ ಹೆಸರನ್ನು ಸೇರಿಸಿ ಹೇಳುತ್ತಾರೆ. ಆಕೆಯ ನಾಡಿನಲ್ಲಿ ಬೆಳೆಯುತ್ತಿದ್ದ ಮೆಣಸಿನಿಂದಾಗಿ ಪೋರ್ಚುಗೀಸರು ಗೇರುಸೊಪ್ಪೆಯ ರಾಣಿಯನ್ನು 'ರೈನಾ ದ ಪಿಮೆಂಟಾ', ಅಂದರೆ ಮೆಣಸಿನ ರಾಣಿ ಎಂದು ಕರೆದರು.

ನಗರ ಹಾಳಾದದ್ದೇಕೆ? ದೆಲ್ಲಾ ವಾಲೆ ಕೇಳಿ ಬರೆದುಕೊಂಡ ಕಥೆ ಹೀಗಿದೆ: ಕೊನೆಯ ರಾಣಿ ಹೊರಗಿನಿಂದ ಬಂದ ಕೀಳು ಕುಲದವನೊಬ್ಬನಿಗೆ ಮನಸೋತು ಅಧಿಕಾರವನ್ನೆಲ್ಲ ಅವನ ಕೈಗಿತ್ತಳು. ಅವನು ತಿರುಗಿಬಿದ್ದ. ರಾಣಿ ಪೋರ್ಚುಗೀಸರ ನೆರವು ಬೇಡಿದಳು. ಅವರು ತಡವಾಗಿ, ಅರೆಮನಸ್ಸಿನಿಂದ ಬಂದರು. ದ್ರೋಹಿ ವೆಂಕಟಪ್ಪ ನಾಯಕನನ್ನು ಕರೆದ. ನಾಯಕ ರಾಜ್ಯವನ್ನು ಗೆದ್ದು, ದ್ರೋಹಿಯನ್ನು ಕೊಲ್ಲಿಸಿ, ರಾಣಿಯನ್ನು ಸೆರೆಯೊಯ್ದು, ನಗರವನ್ನು ಕೆಡವಿಸಿದ. ರಾಣಿ ಗೌರವದ ಸೆರೆಯಲ್ಲೇ ತೀರಿಕೊಂಡಳು.

ಈ ಕಥೆಯನ್ನು ಇಂದಿಗೂ ಹೇಳುವವರಿದ್ದಾರೆ. ಆದರೆ ಅವನು ಅದನ್ನು ಕೇಳಿದ್ದು ಯಾರ ನಡುವೆ ಎಂಬುದನ್ನು ಮರೆಯಬಾರದು. ಜೊತೆಯಲ್ಲಿದ್ದವರು ಪೋರ್ಚುಗೀಸರು; ಹೊರಟಿದ್ದುದು ರಾಣಿಯನ್ನು ಸೋಲಿಸಿದವನ ಅರಮನೆಗೆ. ಪೋರ್ಚುಗೀಸರ ತಪ್ಪನ್ನು ಅವನು ಮುಚ್ಚಿಡಲಿಲ್ಲ ಎಂಬುದು ನಿಜ. ಆದರೂ ಅರ್ಧ ಶತಮಾನ ಗಟ್ಟಿಯಾಗಿ ನಿಂತ ಆಡಳಿತ ಒಂದು ಪ್ರೇಮಪ್ರಕರಣದಿಂದ ಕುಸಿಯಿತೆಂಬುದು ಗೆದ್ದವರಿಗೆ ಅನುಕೂಲವಾದ ಮಾತು. ಮೆಣಸಿನ ಕಾಡೂ ಅದನ್ನು ಕಡಲಿಗೆ ಸಾಗಿಸುವ ಹೊಳೆಯೂ ಆಕೆಯ ಕೈಯಲ್ಲಿದ್ದವು. ಘಟ್ಟದ ಮೇಲಿನವರಿಗೂ ಹಡಗಿನವರಿಗೂ ಬೇಕಾದದ್ದು ಅದೇ.

ಅದೇ ಪತ್ರದಲ್ಲಿ ಇನ್ನೊಂದು ಮಾತಿದೆ. ಇಲ್ಲಿ ಹೆಣ್ಣುಮಕ್ಕಳ ಕಡೆಯಿಂದ ಹಕ್ಕು ಸಾಗುತ್ತದೆ, ತಾಯಿಯ ಕಡೆಯ ಸಂಬಂಧವೇ ಖಚಿತವೆಂದು ಜನ ನಂಬುತ್ತಾರೆ ಎಂದು ಅವನು ಬರೆದ. ಅಳಿಯಸಂತಾನದ ತಿರುಳು ಇದೇ. ಇಂಥ ರಾಣಿ ತನಗೆ ಬೇಕಾದವನನ್ನು ಆರಿಸಿಕೊಳ್ಳುವುದು ಈ ನಾಡಿನಲ್ಲಿ ತಪ್ಪಲ್ಲವೆಂದೂ ಸೇರಿಸಿದ. ಮುಂದೆ ಘಟ್ಟದ ದಾರಿಯಲ್ಲಿ, ಹನುಮಂತನ ಗುಡಿಯ ಬಳಿ, ಕೆಲವು ಹುಡುಗರು ನೆಲದ ಮೇಲೆ ಮರಳು ಹರಡಿ ಬೆರಳಿನಿಂದ ಬರೆಯುತ್ತ, ರಾಗವಾಗಿ ಹೇಳುತ್ತ, ಗುರುವಿಲ್ಲದೆ ಲೆಕ್ಕ ಕಲಿಯುವುದನ್ನು ಕಂಡು ಬರೆದಿಟ್ಟ. ಕಣ್ಣಾರೆ ಕಂಡದ್ದನ್ನು ಬರೆಯುವಾಗ ಅವನ ಲೇಖನಿ ಇಷ್ಟು ನಿಖರ. ಗೇರುಸೊಪ್ಪೆಯ ಗುಡಿಸಲುಗಳನ್ನು ಅವನು ಕಂಡಿದ್ದ. ರಾಣಿಯ ಪ್ರೇಮವನ್ನು ಕೇಳಿದ್ದ. ಎರಡಕ್ಕೂ ಒಂದೇ ತೂಕ ಕೊಡುವಂತಿಲ್ಲ.

ಹೊನ್ನಾವರದಿಂದ ಗೇರುಸೊಪ್ಪೆಗೆ ಈಗ ಬಸ್ಸಿನಲ್ಲಿ ಹೋಗಬಹುದು. ಹಳೆಯ ನಗರದ ಜಾಗದಲ್ಲಿ, ಶರಾವತಿಯ ದಡದ ಕಾಡಿನ ನಡುವೆ, ನಾಲ್ಕು ದಿಕ್ಕಿಗೂ ಬಾಗಿಲು ತೆರೆದ ಚತುರ್ಮುಖ ಬಸದಿ ನಿಂತಿದೆ. ಮೆಣಸಿನ ಹಣ ಹರಿದ ಕಾಲದಲ್ಲಿ ಈ ನಗರದ ಜನ ಏನು ಕಟ್ಟಬಲ್ಲವರಾಗಿದ್ದರು ಎಂಬುದಕ್ಕೆ ಅದರ ಕಪ್ಪು ಕಲ್ಲುಗಳು ಸಾಕ್ಷಿ. ದೆಲ್ಲಾ ವಾಲೆಯ ಪುಸ್ತಕ ಓದಿದವರು ಒಮ್ಮೆ ಈ ಕಲ್ಲುಗಳನ್ನೂ ನೋಡಿ ಬರಬೇಕು.